ಇಮ್ಯಾಜಿನ್, ಪಿಕ್ಚರ್, ಡೇಡ್ರೀಮ್: ಕನ್ನಂಬಾಡಿ ತುಂಬಿದಾಗ ಯಾವ ಪದ?

[ಪರದೆ ಮೇಲೆ: ಐ ಇಮ್ಯಾಜಿನ್ ದ ಡ್ಯಾಮ್ ಈಸ್ ಫುಲ್ ಬೈ ನೌ.]

ಈ ಮಾತು ಹೇಳಿದವರು ಕಣ್ಣು ಮುಚ್ಚಿ ತುಂಬಿದ ಕಟ್ಟೆಯನ್ನ ಕಲ್ಪಿಸ್ಕೊಂಡು ಕೂತಿದ್ದಾರಾ? ಇಲ್ಲ. ಕೊಡಗಲ್ಲಿ ವಾರದಿಂದ ಮಳೆ ಹೊಡೀತಿದೆ, ಹಾಗಾಗಿ "ಇಷ್ಟೊತ್ತಿಗೆ ಕಟ್ಟೆ ತುಂಬಿರ್ಬೇಕು" ಅಂತಿದ್ದಾರೆ. ಕಲ್ಪನೆ ಅಲ್ಲ ಇದು, ಅಂದಾಜು.

ನಮಸ್ಕಾರ. ಮಂಡ್ಯದ ನೋಡುಗರೊಬ್ಬರು ಕೇಳಿದ್ರು: ಕಲ್ಪಿಸ್ಕೊಳ್ಳೋದಕ್ಕೆ, ಹಗಲುಗನಸು ಕಾಣೋದಕ್ಕೆ ಇಂಗ್ಲಿಷಲ್ಲಿ ಇಷ್ಟೊಂದು ಕ್ರಿಯಾಪದ ಇವೆಯಲ್ಲ, ಯಾವುದನ್ನ ಎಲ್ಲಿ ಬಳಸ್ಬೇಕು? ಒಳ್ಳೆ ಪ್ರಶ್ನೆ. ಇವತ್ತು ಉದಾಹರಣೆಗೆ ಹೆಚ್ಚು ಅಲೆಯೋದು ಬೇಡ. ಕೆಆರ್‌ಎಸ್ ಸಾಕು. ನೀರು 124.80 ಅಡಿ ಮುಟ್ಟಿದೆ, ಅಂದ್ರೆ ಕಟ್ಟೆ ಪೂರ್ತಿ ತುಂಬಿದೆ ಅಂತಿಟ್ಕೊಳ್ಳಿ, ಕ್ರಿಯಾಪದ ಮಾತ್ರ ಬದಲಾಯಿಸ್ತಾ ಹೋಗೋಣ.

ಮೊದಲು ಇಮ್ಯಾಜಿನ್. ಮನಸ್ಸಲ್ಲಿ ಇಲ್ಲದ್ದನ್ನ ಕಟ್ಟೋದು ಅನ್ನೋ ಅರ್ಥ ನಿಮಗೆ ಗೊತ್ತೇ ಇದೆ. ನಾವು ಎಡವೋದು ಇನ್ನೊಂದು ಅರ್ಥದಲ್ಲಿ. ಕನ್ನಡದಲ್ಲಿ ಊಹಿಸೋದು ಬೇರೆ, ಕಲ್ಪಿಸ್ಕೊಳ್ಳೋದು ಬೇರೆ. ಇಂಗ್ಲಿಷಿನ ಇಮ್ಯಾಜಿನ್ ಎರಡೂ ಕೆಲಸ ಮಾಡುತ್ತೆ. ಯಾವ ಕೆಲಸ ಮಾಡ್ತಿದೆ ಅಂತ ಗೊತ್ತಾಗೋದು ಹೆಚ್ಚಾಗಿ ಕ್ರಿಯಾಪದದ ರೂಪದಿಂದ.

[ಪರದೆ ಮೇಲೆ ಎರಡು ಸಾಲು]

"ಐ ಇಮ್ಯಾಜಿನ್ ಯು ಆರ್ ಟೈರ್ಡ್." ನಿಮಗೆ ಸುಸ್ತಾಗಿರ್ಬೇಕು.
"ಯು ಆರ್ ಇಮ್ಯಾಜಿನಿಂಗ್ ಥಿಂಗ್ಸ್." ಅದೆಲ್ಲ ನಿನ್ನ ಭ್ರಮೆ.

ಅಂದಾಜು ಹೇಳುವಾಗ ಸಾಮಾನ್ಯ ವರ್ತಮಾನ ಕಾಲ ಬೇಕು. ನಮ್ಮ ಕಡೆ ಬಹಳ ಜನ "ಐ ಆಮ್ ಇಮ್ಯಾಜಿನಿಂಗ್ ಯು ಆರ್ ಟೈರ್ಡ್" ಅಂದುಬಿಡ್ತಾರೆ. ಕೇಳಿದವರಿಗೆ "ನೀವು ಸುಸ್ತಾದ ಹಾಗೆ ನಾನು ಮನಸ್ಸಲ್ಲೇ ಚಿತ್ರ ಬಿಡಿಸ್ತಿದೀನಿ" ಅನ್ನೋ ಹಾಗೆ ಕೇಳಿಸುತ್ತೆ. ಇನ್ನೊಂದು ಸೂಕ್ಷ್ಮ: ಅಂದಾಜಲ್ಲಿ "ಇಲ್ಲ" ಅನ್ನೋದು ಸಾಮಾನ್ಯವಾಗಿ ಇಮ್ಯಾಜಿನ್ ಜೊತೆಗೇ ಸೇರ್ಕೊಳ್ಳುತ್ತೆ. ಅವನು ಬರಲ್ಲ ಅನ್ಸುತ್ತೆ ಅನ್ನೋದಕ್ಕೆ "ಐ ಡೋಂಟ್ ಇಮ್ಯಾಜಿನ್ ಹಿ ವಿಲ್ ಕಮ್."

ಮುಂದೆ ಬರೋ ಪದದ ವಿಷಯ. "ಇಮ್ಯಾಜಿನ್ ಟು ಲಿವ್ ಇನ್ ಮೈಸೂರು" ತಪ್ಪು. "ಇಮ್ಯಾಜಿನ್ ಲಿವಿಂಗ್ ಇನ್ ಮೈಸೂರು" ಸರಿ. ನೆನಪಿಟ್ಕೊಳ್ಳೋಕೆ ಕನ್ನಡವೇ ಸಾಕು. "ಮೈಸೂರಲ್ಲಿ ಇರೋದನ್ನ ಕಲ್ಪಿಸ್ಕೋ" ಅಂತೀವಿ, "ಇರೋದಕ್ಕೆ ಕಲ್ಪಿಸ್ಕೋ" ಅನ್ನಲ್ಲ. ಆ "ಇರೋದನ್ನ" ಇದೆಯಲ್ಲ, ಅದೇ ಇಂಗ್ಲಿಷಿನ ಲಿವಿಂಗ್. ಪಿಕ್ಚರ್, ವಿಷುಯಲೈಜ್, ಎನ್ವಿಸೇಜ್ ಮೂರಕ್ಕೂ ಇದೇ ಲೆಕ್ಕ.

ಈಗ ಪಿಕ್ಚರ್. ಇಲ್ಲಿ ಸ್ವಲ್ಪ ನಿಲ್ಲೋಣ, ಈ ಕಥೆ ನನಗೆ ತುಂಬಾ ಇಷ್ಟ.

[ಪರದೆ ಖಾಲಿ]

ಕಣ್ಣು ಮುಚ್ಚಿ. ಕನ್ನಂಬಾಡಿ ತುಂಬಿದೆ, ಕ್ರೆಸ್ಟ್ ಗೇಟ್ ತೆಗೆದಿದ್ದಾರೆ, ಕೆಳಗೆ ನೊರೆ ಏಳ್ತಿದೆ. ನೀರಿನ ಬಣ್ಣ ಯಾವುದು? ಕೆಂಪು ಮಣ್ಣು ಕಲೆಸಿದ ಬಣ್ಣವಾ, ಬಿಳಿಯಾ? ನಿಮಗೆ ನಿಜವಾಗಿ ಕಂಡ್ರೆ ನೀವು ಮಾಡಿದ್ದು ಪಿಕ್ಚರ್. ಏನೂ ಕಾಣಲಿಲ್ಲವಾ? ಗಾಬರಿ ಬೇಡ. ಫ್ರಾನ್ಸಿಸ್ ಗಾಲ್ಟನ್ ಅನ್ನೋ ಇಂಗ್ಲಿಷ್ ವಿಜ್ಞಾನಿ ಇಂಥದ್ದೇ ಪ್ರಶ್ನೆಗಳನ್ನ ಕೇಳಿ, ಬಂದ ಉತ್ತರಗಳನ್ನ 1880ರಲ್ಲಿ ಪ್ರಕಟಿಸಿದ. ಇವತ್ತು ಬೆಳಿಗ್ಗೆ ತಿಂಡಿಗೆ ಕೂತ ಮೇಜನ್ನ ನೆನಪಿಸ್ಕೊಳ್ಳಿ. ಚಿತ್ರ ಮಸುಕಾ, ಸ್ಪಷ್ಟವಾ, ಬಣ್ಣ ಇದೆಯಾ, ಅಂತ. ಅವನು ಮೊದಲು ಕೇಳಿದ ವಿಜ್ಞಾನಿ ಮಿತ್ರರಲ್ಲೇ ಹೆಚ್ಚಿನವರು ತಮಗೆ ಅಂಥ ಚಿತ್ರವೇ ಮೂಡಲ್ಲ ಅಂದ್ರು. "ಮನಸ್ಸಿನ ಕಣ್ಣು" ಅನ್ನೋದು ಬರೀ ಆಡುಮಾತು ಅಂತ ಅವರು ತಿಳ್ಕೊಂಡಿದ್ರು. 2015ರಲ್ಲಿ ಎಕ್ಸೆಟರ್ ವಿಶ್ವವಿದ್ಯಾಲಯದ ಆಡಮ್ ಝೀಮನ್ ಮತ್ತು ಸಂಗಡಿಗರು ಈ ಸ್ಥಿತಿಗೆ ಅಫ್ಯಾಂಟೇಸಿಯಾ ಅಂತ ಹೆಸರಿಟ್ರು.

ನಮ್ಮ ಪಾಠಕ್ಕೆ ಇದರಿಂದ ಏನು ಸಿಕ್ತು? ಚಿತ್ರ ಮೂಡದವರಿಗೂ ಕಟ್ಟೆ ತುಂಬಿದ್ರೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಡ್ತಾರೆ, ಭತ್ತದ ನಾಟಿ ಶುರುವಾಗುತ್ತೆ ಅಂತ ಯೋಚಿಸೋಕೆ ಬರುತ್ತೆ. ಅಂದ್ರೆ ಅವರು ಇಮ್ಯಾಜಿನ್ ಮಾಡಬಲ್ಲರು, ಪಿಕ್ಚರ್ ಮಾಡಲಾರರು. "ಐ ಕ್ಯಾನ್ ಇಮ್ಯಾಜಿನ್ ಇಟ್, ಬಟ್ ಐ ಕಾಂಟ್ ಪಿಕ್ಚರ್ ಇಟ್" ಅನ್ನೋ ವಾಕ್ಯದಲ್ಲಿ ಯಾವ ವಿರೋಧವೂ ಇಲ್ಲ. ಈ ಎರಡು ಪದ ಒಂದೇ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ನನಗೆ ಕಂಡಿಲ್ಲ.

ವಿಷುಯಲೈಜ್ ಕೂಡ ಚಿತ್ರದ್ದೇ, ಆದರೆ ಬೇಕಂತಲೇ, ಒಂದು ಉದ್ದೇಶ ಇಟ್ಕೊಂಡು ಮಾಡೋದು. ಓಟಗಾರ್ತಿ ಓಡೋ ಮುಂಚೆ ಟ್ರ್ಯಾಕಿನ ತಿರುವನ್ನೆಲ್ಲ ಮನಸ್ಸಲ್ಲಿ ಓಡಿ ಮುಗಿಸ್ತಾಳಲ್ಲ, ಅದು. ಅಂಕಿಅಂಶವನ್ನ ನಕ್ಷೆ ಮಾಡಿ ತೋರಿಸೋದಕ್ಕೂ ಇದೇ ಪದ. ಅಲ್ಲಿ ಪಿಕ್ಚರ್ ಹೊಂದಲ್ಲ.

ಎನ್ವಿಸೇಜ್ ಕಚೇರಿ ಭಾಷೆ. ಇದರಲ್ಲಿ ಕನಸಿನ ಸೋಂಕಿಲ್ಲ, ಮುಂದೆ ಹೀಗೆ ಆಗುತ್ತೆ ಅಥವಾ ಮಾಡ್ಬೇಕು ಅನ್ನೋ ಲೆಕ್ಕಾಚಾರ ಇದೆ. "ದ ಪ್ರಾಜೆಕ್ಟ್ ಎನ್ವಿಸೇಜಸ್ ಲೈನಿಂಗ್ ದ ಕೆನಾಲ್" ಅಂದ್ರೆ ನಾಲೆಗೆ ಲೈನಿಂಗ್ ಮಾಡೋದು, ಅಂದ್ರೆ ಒಳಮೈಗೆ ಗಟ್ಟಿ ಹೊದಿಕೆ ಹಾಕೋದು, ಯೋಜನೆಯಲ್ಲಿದೆ ಅಂತ. ಸರ್ಕಾರಿ ಆದೇಶ, ಕಾಯ್ದೆಗಳಲ್ಲಿ ಇದು ಮತ್ತೆ ಮತ್ತೆ ಸಿಗುತ್ತೆ. ಇದಕ್ಕೆ ಹತ್ತಿರದ ಅರ್ಥದ ಎನ್ವಿಷನ್ ಅಮೆರಿಕದವರಿಗೆ ಹೆಚ್ಚು ಪ್ರಿಯ, ಎನ್ವಿಸೇಜ್ ಬ್ರಿಟಿಷರಿಗೆ. ಒಂದೇ ಪತ್ರದಲ್ಲಿ ಎರಡನ್ನೂ ಬೆರೆಸ್ಬೇಡಿ.

ಇನ್ನು ಕನಸುಗಳು. ಮಹತ್ವಾಕಾಂಕ್ಷೆ ಹೇಳೋಕೆ ಡ್ರೀಮ್ ಆಫ್: "ಐ ಹ್ಯಾವ್ ಆಲ್ವೇಸ್ ಡ್ರೀಮ್ಡ್ ಆಫ್ ಬಿಕಮಿಂಗ್ ಆನ್ ಎಂಜಿನಿಯರ್." ಇಲ್ಲೂ "ಡ್ರೀಮ್ ಟು ಬಿಕಮ್" ಬೇಡ. ರಾತ್ರಿ ಕಂಡ ಕನಸಿಗೆ ಡ್ರೀಮ್ ಅಬೌಟ್ ಹೆಚ್ಚು ಸಹಜ. "ಐ ವುಡ್‌ಂಟ್ ಡ್ರೀಮ್ ಆಫ್ ಆಸ್ಕಿಂಗ್ ಹಿಮ್ ಫಾರ್ ಮನಿ" ಅಂದ್ರಂತೂ ನಿದ್ದೆಯ ಮಾತೇ ಇಲ್ಲ. ಅವರ ಹತ್ರ ದುಡ್ಡು ಕೇಳೋ ಪ್ರಶ್ನೆಯೇ ಇಲ್ಲ ಅಂತ.

ಡೇಡ್ರೀಮ್ ಅಂದ್ರೆ ಮಾಡ್ತಿರೋ ಕೆಲಸದಿಂದ ಮನಸ್ಸು ತಾನಾಗಿ ಜಾರಿ ಎಲ್ಲೋ ಹಿತವಾದ ಕಡೆ ಹೋಗೋದು. ಇದಕ್ಕೆ ನೇರ ಕರ್ಮ ಹಾಕಕ್ಕಾಗಲ್ಲ. "ಡೇಡ್ರೀಮ್ ಎ ಹೌಸ್" ಅನ್ನಲ್ಲ, "ಡೇಡ್ರೀಮ್ ಅಬೌಟ್ ಎ ಹೌಸ್" ಅಂತಾರೆ. ಸಂದರ್ಶನದಲ್ಲಿ "ಐ ಡೇಡ್ರೀಮ್ ಅಬೌಟ್ ಬಿಕಮಿಂಗ್ ಆನ್ ಆಫೀಸರ್" ಅಂತ ಮಾತ್ರ ಹೇಳ್ಬೇಡಿ. ಗುರಿ ಇಟ್ಕೊಂಡಿದ್ದಾರೆ ಅಂತ ಅನ್ಸಲ್ಲ, ಪುಸ್ತಕ ತೆರೆದಿಟ್ಟು ಕಿಟಕಿ ಆಚೆ ನೋಡ್ತಾರೆ ಅಂತ ಅನ್ಸುತ್ತೆ.

ಸಮಯ ಮುಗೀತಾ ಬಂತು, ಉಳಿದ ಮೂರನ್ನ ಬೇಗ ಹೇಳ್ತೀನಿ. ಫ್ಯಾನ್ಸಿ: ಫ್ಯಾಂಟಸಿ ಅನ್ನೋ ಪದವೇ ಮೊಟಕಾಗಿ ಹುಟ್ಟಿದ್ದು, ಆದರೆ ಇವತ್ತಿನ ಬ್ರಿಟಿಷ್ ಮಾತಲ್ಲಿ ಮುಖ್ಯವಾಗಿ "ಬೇಕು ಅನ್ಸೋದು". "ಫ್ಯಾನ್ಸಿ ಎ ಕಾಫಿ?" ಅಂದ್ರೆ ಕಾಫಿ ಕುಡಿಯೋಣವಾ. ದೇವರಾಜ ಮಾರ್ಕೆಟ್ಟಲ್ಲಿ ಪರಿಚಯದವರು ದಿಢೀರ್ ಸಿಕ್ಕಿದ್ರೆ "ಫ್ಯಾನ್ಸಿ ಮೀಟಿಂಗ್ ಯು ಹಿಯರ್!" ಅರೆ, ನೀವಿಲ್ಲಿ! ಡ್ರೀಮ್ ಅಪ್: ಹೊಸದಾಗಿ ಏನಾದ್ರೂ ಹುಟ್ಟುಹಾಕೋದು, ಬಹಳ ಸಲ ವಿಚಿತ್ರವಾದದ್ದು. ಮೇಲಧಿಕಾರಿಯ ಯೋಜನೆಗೆ ಈ ಪದ ಹಾಕಿದ್ರೆ ಅವರಿಗೆ ಬೇಜಾರಾಗಬಹುದು. ಫ್ಯಾಂಟಸೈಜ್: ಆಗೋದು ಕಷ್ಟ ಅಂತ ಗೊತ್ತಿದ್ದೂ ಆಸೆಯಿಂದ ಕಲ್ಪಿಸ್ಕೊಳ್ಳೋದು. "ಫ್ಯಾಂಟಸೈಜ್ ಅಬೌಟ್ ವಿನ್ನಿಂಗ್ ದ ಲಾಟರಿ" ಧಾರಾಳವಾಗಿ ಹೇಳಿ. ಆದರೆ ಅಬೌಟ್ ಆದ್ಮೇಲೆ ಒಬ್ಬ ವ್ಯಕ್ತಿಯ ಹೆಸರು ಬಂತು ಅಂದ್ರೆ ಅರ್ಥ ಹೆಚ್ಚಾಗಿ ಲೈಂಗಿಕ ಆಸೆಯ ಕಡೆ ತಿರುಗುತ್ತೆ. ಹಾಗಾಗಿ ಮೆಚ್ಚಿನ ಆಟಗಾರನನ್ನ ಭೇಟಿ ಆಗೋ ಕನಸಿದ್ರೆ "ಐ ಡ್ರೀಮ್ ಆಫ್ ಮೀಟಿಂಗ್ ಹಿಮ್" ಅನ್ನಿ.