ಅಡಿಕೆ ತೋಟದಲ್ಲಿ ಸಿಕ್ಕ ಸಮುದ್ರದ ಮೀನು

ಈ ಫೋಟೊ ನೋಡಿ. ಮೀನು ಆಮೇಲೆ ನೋಡಿ, ಮೊದಲು ಅದರ ಕೆಳಗೆ ಫೋನು ತಾನಾಗೇ ಬರ್ಕೊಂಡಿರೋ ಜಾಗ ನೋಡಿ. ತೀರ್ಥಹಳ್ಳಿ ತಾಲ್ಲೂಕು. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಮ್ಯಾಪ್ ದೊಡ್ಡದು ಮಾಡಿದ್ರೆ ಚುಕ್ಕೆ ಹೋಗಿ ಕೂತಿರೋದು ನಮ್ಮನೆ ಹಿಂದಿನ ಅಡಿಕೆ ತೋಟದಲ್ಲಿ.

ಈಗ ಮೀನು ನೋಡಿ. ಹಣೆ ಮೇಲೆ ಎರಡು ಕೊಂಬು, ಹಿಂದೆ ಬಾಲದ ಬುಡದಲ್ಲಿ ಇನ್ನೆರಡು. ಮೈ ಅನ್ನೋದು ಮೈಯೇ ಅಲ್ಲ, ಪೆಟ್ಟಿಗೆ. ಜೇನುಗೂಡಿನ ಹಾಗೆ ಆರು ಮೂಲೆಯ ಬಿಲ್ಲೆಗಳು ಒಂದಕ್ಕೊಂದು ಬೆಸೆದುಕೊಂಡು ಗಟ್ಟಿಯಾಗಿವೆ. ಬೆರಳಲ್ಲಿ ಕುಟ್ಟಿದ್ರೆ ಟಕ್ ಟಕ್ ಅನ್ನುತ್ತೆ.

ಚೌತಿ ಕಳೆದು ಒಂದು ವಾರ ಆಗಿತ್ತು. ನಮ್ಮೂರಿಗೆ ಟಿವಿಎಸ್ ಎಕ್ಸೆಲ್ ಮೇಲೆ ಮೀನು ತರೋ ಅಣ್ಣ ಒಬ್ರಿದಾರೆ. ಕೆಳಗಿನ ತಿರುವಲ್ಲಿ ಅವರ ಪೋಂ ಪೋಂ ಕೇಳಿದ್ರೆ ಸಾಕು, ನಮಗಿಂತ ಮೊದಲು ನಮ್ಮನೆ ಬೆಕ್ಕು ದಣಪೆ ಹತ್ರ ಹೋಗಿ ಕೂತಿರುತ್ತೆ. ಅಮ್ಮ ಬಂಗುಡೆ ಆರಿಸ್ತಾ ಐಸಿನೊಳಗೆ ಕೈ ಹಾಕಿದ್ರು. ಏನೋ ಗಟ್ಟಿ ತಾಗಿತು. "ಎಂಥದಾ ಮಾರಾಯ, ತೂಕಕ್ಕೆ ಕಲ್ಲು ತುಂಬಿಸ್ಕೊಂಡು ಬಂದಿದೀಯ?" ಅಂದ್ರು. ಅಣ್ಣ ನಕ್ಕು, "ಅದಕ್ಕೆ ದುಡ್ಡಿಲ್ಲ ಅಮ್ಮ, ಬೆಕ್ಕಿಗೆ ಹಾಕಿ" ಅಂದ್ರು.

ಬೆಕ್ಕಿಗೆ ಹಾಕಲಿಲ್ಲ, ಪುಣ್ಯ. ಯಾಕಂದ್ರೆ ಈ ಜಾತಿ ಮೀನು ಹೆದರಿದಾಗ ಚರ್ಮದಿಂದ ವಿಷ ಬಿಡುತ್ತೆ. ಅಕ್ವೇರಿಯಂನಲ್ಲಿ ಸಾಕಿದವರಿಗೆ ಇದು ಗೊತ್ತು, ಒಂದು ಮೀನು ಗಾಬರಿ ಬಿದ್ರೆ ತೊಟ್ಟಿಯ ಉಳಿದ ಮೀನೂ ಸಾಯಬಹುದು.

ಹೆಸರು ಹುಡುಕೋಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಇಂಗ್ಲಿಷಲ್ಲಿ ಕೌಫಿಶ್ ಅಂತಾರೆ, ವೈಜ್ಞಾನಿಕ ಹೆಸರು ಲ್ಯಾಕ್ಟೋರಿಯಾ ಕಾರ್ನುಟಾ. ನಮ್ಮ ಭಾಷೆಯಲ್ಲಿ ನಾನು ಕೊಂಬಿನ ಮೀನು ಅಂತ ಇಟ್ಟುಕೊಂಡಿದೀನಿ, ಅಮ್ಮ ಗೂಳಿ ಮೀನು ಅಂತಾರೆ. ರಾತ್ರಿ ಹನ್ನೊಂದರವರೆಗೂ ನಿದ್ದೆ ಇಲ್ಲ ನನಗೆ. ಕರ್ನಾಟಕದ ಕರಾವಳಿಯಲ್ಲಿ ಇದನ್ನ ಮೊದಲು ದಾಖಲು ಮಾಡಿದವಳು ಮಲೆನಾಡಿನ ಹುಡುಗಿ ಅಂತ ಥಂಬ್‌ನೇಲ್ ಕೂಡ ಮನಸ್ಸಲ್ಲೇ ರೆಡಿ. ಹುಡುಗಿ ಅನ್ನೋದು ಸ್ವಲ್ಪ ಜಾಸ್ತಿ ಆಯ್ತು, ಇರಲಿ.

ಬೆಳಗಾದ ಮೇಲೆ ಬುದ್ಧಿ ಬಂತು. ಈ ಮೀನಿಗೆ ಲಿನೇಯಸ್ ಹೆಸರಿಟ್ಟಿದ್ದೇ 1758ರಲ್ಲಿ. ಕೆಂಪು ಸಮುದ್ರದಿಂದ ಹಿಡಿದು ಪೆಸಿಫಿಕ್ ದ್ವೀಪಗಳವರೆಗೂ ಇದರ ಸಂಸಾರ ಇದೆ. ಹಾಗಾಗಿ ಜಗತ್ತಿಗೆ ಹೊಸದಲ್ಲ. ಆದ್ರೆ ಜಗತ್ತಿಗೆ ಹೊಸದು ಬೇರೆ, ಒಂದು ಜಾಗಕ್ಕೆ ಹೊಸದು ಬೇರೆ, ಇದ್ದೂ ಕಣ್ಣಿಗೆ ಬೀಳದೇ ಇರೋದು ಬೇರೆ. ನಮ್ಮ ಮೀನು ಎರಡನೇದೋ ಮೂರನೇದೋ ಅಂತ ಕೇಳೋಕೂ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ಇದು ಸಿಕ್ಕಿದ್ದೆಲ್ಲಿ?

ಅಣ್ಣನ್ನ ಕೇಳಿದೆ. ಅವರು ತಗೊಂಡಿದ್ದು ಪೇಟೆಯ ಹೋಲ್‌ಸೇಲ್‌ನವರ ಹತ್ರ. ಅವರಿಗೆ ಬಂದಿದ್ದು ಘಟ್ಟ ಹತ್ತಿ ಬಂದ ಪಿಕಪ್ಪಲ್ಲಿ. ಆ ಪಿಕಪ್ಪಲ್ಲಿ ಮಲ್ಪೆ ಬಾಕ್ಸೂ ಇತ್ತು, ಗಂಗೊಳ್ಳಿ ಬಾಕ್ಸೂ ಇತ್ತು, ಭಟ್ಕಳದ್ದೂ ಒಂದೆರಡು. ದಾರೀಲಿ ಐಸ್ ಕರಗಿದಾಗ ಬಾಕ್ಸಿಂದ ಬಾಕ್ಸಿಗೆ ಸುರಿದಿದಾರೆ. "ಅಕ್ಕಾ, ಮೀನು ಸಮುದ್ರದ್ದು, ಅಷ್ಟಂತೂ ಗ್ಯಾರಂಟಿ" ಅಂದ್ರು ಅಣ್ಣ.

ನಾನು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯೋಳು. ಒಂದು ಮೂಟೆ ರಾಶಿ ಇಡಿ ಅಡಿಕೆ ಬಂತು ಅಂದ್ರೆ ಯಾರ ತೋಟದ್ದು, ಯಾವತ್ತು ಬಂತು, ಲಾಟ್ ನಂಬರ್ ಎಷ್ಟು, ಎಲ್ಲಾ ಬರೀತೀವಿ. ಅಡಿಕೆ ದರ್ಜೆಯಲ್ಲೂ ಬೆಟ್ಟೆ ಬೇರೆ, ಸರಕು ಬೇರೆ, ಗೊರಬಲು ಬೇರೆ. ಚೀಟಿ ಕಳೆದುಹೋದ ಮೂಟೆಯಲ್ಲಿ ಎಂಥಾ ಒಳ್ಳೆ ಅಡಿಕೆ ಇದ್ರೂ ಅದು ಯಾರದ್ದೂ ಅಲ್ಲ. ಕೊಂಬಿನ ಮೀನಿನ ಕಥೆಯೂ ಅಷ್ಟೇ ಆಯ್ತು.

ಹಾಗೇ ಫೋನಿನ ಮಾತು ನಂಬಿ ಅಪ್‌ಲೋಡ್ ಮಾಡಿದ್ರೆ ಏನಾಗ್ತಿತ್ತು ಹೇಳಿ? ಸಮುದ್ರ ಜೀವಿಗಳು ಎಲ್ಲೆಲ್ಲಿ ಸಿಕ್ಕವು ಅನ್ನೋ ಮಾಹಿತಿ ಜಗತ್ತಿನಾದ್ಯಂತದಿಂದ ಸೇರೋ ಓಬಿಸ್ ಅನ್ನೋ ಸಂಗ್ರಹ ಇದೆ. ಅದರಲ್ಲಿ ದಾಖಲೆ ತಪಾಸಣೆ ಮಾಡುವಾಗ ಒಂದು ಗುರುತು ಹಾಕ್ತಾರೆ, 'ನೆಲದ ಮೇಲೆ' ಅಂತ. ಸಮುದ್ರದ ಜೀವಿ, ಚುಕ್ಕೆ ಮಾತ್ರ ಭೂಮಿ ಮೇಲೆ. ಅಂಥಾ ಗುರುತು ಇಟ್ಟಿದಾರೆ ಅಂದ್ರೆ ನನ್ನಂಥವರು ಊರೂರಲ್ಲೂ ಇದಾರೆ ಅಂತಾಯ್ತು.

ಸಂತೆಯ ಮೀನು ಅಂತ ಕಡೆಗಣಿಸೋ ಹಾಗೂ ಇಲ್ಲ. ಒಂದು ಕಥೆ ಹೇಳ್ತೀನಿ. ಸೀಲಕ್ಯಾಂತ್ ಅಂತ ಒಂದು ಮೀನು. ಡೈನೋಸಾರ್‌ಗಳ ಜೊತೆಗೇ, ಅಂದ್ರೆ ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ, ಅಳಿದುಹೋಯ್ತು ಅಂತಲೇ ಎಲ್ಲರೂ ನಂಬಿದ್ರು. 1938ರ ಡಿಸೆಂಬರಲ್ಲಿ ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ ಬಂದರಿಗೆ ಬಂದ ಟ್ರಾಲರ್ ಬೋಟಿನ ಮೀನಿನ ರಾಶಿಯಲ್ಲಿ ಅದು ಬಿದ್ದಿತ್ತು. ಕಂಡಿದ್ದು ಅಲ್ಲಿನ ಸಣ್ಣ ಮ್ಯೂಸಿಯಂ ನೋಡಿಕೊಳ್ತಿದ್ದ ಮಾರ್ಜರಿ ಕೋರ್ಟ್ನಿ ಲ್ಯಾಟಿಮರ್. ಅಷ್ಟು ದೊಡ್ಡ, ನಾರೋ ಮೀನನ್ನ ಹತ್ತಿಸಿಕೊಳ್ಳೋಕೆ ಟ್ಯಾಕ್ಸಿಯವನು ತಕರಾರು ಮಾಡಿದ. ಕೆಡದ ಹಾಗೆ ಇಡೋಕೆ ಶವಾಗಾರದಲ್ಲಿ ಕೇಳಿದ್ರೆ ಅವರೂ ಒಲ್ಲೆ ಅಂದ್ರು. ಮೀನಿನ ಚಿತ್ರ ಗೀಚಿ ಜೆ.ಎಲ್.ಬಿ. ಸ್ಮಿತ್ ಅನ್ನೋ ತಜ್ಞರಿಗೆ ಕಾಗದ ಬರೆದ್ರು. ಅವರು ಬಂದು ನೋಡೋ ಹೊತ್ತಿಗೆ ಒಳಗಿನ ಭಾಗ ಎಲ್ಲ ಹೋಗಿ ಚರ್ಮ ಮೂಳೆ ಉಳಿದಿತ್ತು.

ಆದ್ರೂ ಒಂದು ಉಳಿದಿತ್ತು ನೋಡಿ, ಜಾಗ. ಬೋಟಿನ ಕ್ಯಾಪ್ಟನ್ ಹೇಳಿದ್ರು, ಚಲುಮ್ನಾ ನದಿ ಸಮುದ್ರ ಸೇರೋ ಕಡೆ ಬಲೆ ಎಳೆದಿದ್ದು ಅಂತ. ಮೀನಿಗೆ ಲ್ಯಾಟಿಮೇರಿಯಾ ಚಲುಮ್ನೇ ಅಂತ ಹೆಸರಾಯ್ತು. ಕಂಡವಳ ಹೆಸರು ಮುಂದೆ, ಸಿಕ್ಕ ಜಾಗ ಹಿಂದೆ. ನಮ್ಮಲ್ಲಿ ಊರಿನ ಹೆಸರು ಮುಂದೆ ಇರುತ್ತಲ್ಲ, ಅಲ್ಲಿ ಉಲ್ಟಾ. ಇಂಥದೇ ಎರಡನೇ ಮೀನು ಸಿಗೋಕೆ 1952ರವರೆಗೆ ಕಾಯಬೇಕಾಯ್ತು, ಅದೂ ಆಫ್ರಿಕಾದ ಪೂರ್ವಕ್ಕಿರೋ ಕೊಮೊರೊಸ್ ದ್ವೀಪದ ಹತ್ರ.

ನನಗೆ ಇದಕ್ಕಿಂತ ಇಷ್ಟ ಆಗೋದು ಮುಂದಿನ ಭಾಗ. 1997ರಲ್ಲಿ ಮಾರ್ಕ್ ಎರ್ಡ್‌ಮನ್ ಅನ್ನೋ ಜೀವವಿಜ್ಞಾನಿ ಮದುವೆಯಾದ ಹೊಸತರಲ್ಲಿ ಹೆಂಡತಿ ಜೊತೆ ಇಂಡೋನೇಷ್ಯಾದ ಮನಾಡೋ ಊರಿಗೆ ಹೋಗಿದ್ರು. ಅಲ್ಲಿ ಮೀನು ಮಾರ್ಕೆಟ್ಟಲ್ಲಿ ಒಂದು ಗಾಡಿ ಮೇಲೆ ಸೀಲಕ್ಯಾಂತ್! ಕೊಮೊರೊಸಿಂದ ಸುಮಾರು 10,000 ಕಿಲೋಮೀಟರ್ ದೂರ. ಫೋಟೊ ತೆಗೆದ್ರು, ಮೀನು ಕೊಳ್ಳಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಮೀನುಗಾರರನ್ನ ವಿಚಾರಿಸ್ತಾ ಸುತ್ತಿದ್ರು. 1998ರ ಜುಲೈಯಲ್ಲಿ ಒಬ್ಬ ಮೀನುಗಾರ ಬಲೆಗೆ ಬಿದ್ದ ಇನ್ನೊಂದನ್ನ ತಂದುಕೊಟ್ಟ. ಅದು ಬೇರೆಯೇ ಜಾತಿ ಅಂತ ತಿಳಿದು 1999ರಲ್ಲಿ ಹೆಸರಿಟ್ರು, ಲ್ಯಾಟಿಮೇರಿಯಾ ಮೆನಾಡೋಎನ್ಸಿಸ್. ಮತ್ತೆ ಊರಿನ ಹೆಸರು. ಮಾರ್ಕೆಟ್ಟಲ್ಲಿ ಕಂಡ ಮೀನಿನ ವಿಳಾಸ ಹುಡುಕೋಕೆ ವಿಜ್ಞಾನಿಗೇ ಅಷ್ಟು ಓಡಾಟ ಬೇಕಾದ್ರೆ, ಪೋಂ ಪೋಂ ಅಣ್ಣನ್ನ ಒಂದು ಸಲ ಕೇಳಿ ಸುಮ್ಮನಾಗೋಕೆ ನಾನ್ಯಾರು ಅನ್ನಿಸ್ತು.

ಹಾಗಾಗಿ ಮಲ್ಪೆಗೆ ಹೊರಟೆ. ಚಿಕ್ಕಪ್ಪನ ಮಗನ ಓಮ್ನಿಯಲ್ಲಿ, ಬೆಳಗಿನ ಜಾವ ಮೂರು ಗಂಟೆಗೆ. ಆಗುಂಬೆ ಘಾಟಿಯ ವಿಡಿಯೊ ಇಲ್ಲಿ ಹಾಕಿದೀನಿ, ಆದ್ರೆ ಕಾಣೋದು ಬರೀ ಮಂಜು. ಹದಿನಾಲ್ಕು ತಿರುವು ಮುಗಿಯೋ ಹೊತ್ತಿಗೆ ನನ್ನ ಉತ್ಸಾಹವೂ ಹೊಟ್ಟೆಯೂ ಎರಡೂ ಅಲ್ಲಾಡಿತ್ತು.

ಇದು ಮಲ್ಪೆ ಬಂದರು. ಜೂನ್ ಒಂದರಿಂದ ಜುಲೈ ಕೊನೆವರೆಗೆ 61 ದಿನ ಯಾಂತ್ರೀಕೃತ ಬೋಟು ಕಡಲಿಗೆ ಇಳಿಯೋ ಹಾಗಿಲ್ಲ. ಆ ಹೊತ್ತಲ್ಲಿ ನಾವು ಮೇಲೆ ಗದ್ದೆ ಬಯಲಲ್ಲಿ ಹತ್ತುಮೀನಿಗೆ, ಅಂದ್ರೆ ಮಳೆನೀರಿಗೆ ಎದುರಾಗಿ ಹತ್ತಿ ಬರೋ ಮೀನಿಗೆ, ಕಾಯ್ತಿರ್ತೀವಿ. ಈಗ ಮತ್ತೆ ಬೋಟಿಗೆ ಬೋಟು ಅಂಟಿಕೊಂಡು ನಿಂತಿವೆ. ಈ ಗದ್ದಲದಲ್ಲಿ ಯಾರನ್ನ ಕೇಳೋದು? ಫೋಟೊ ತೋರಿಸ್ತಾ ಹೋದೆ. ಮೂರು ನಾಲ್ಕು ಜನ ಕೈ ಅಲ್ಲಾಡಿಸಿದ್ರು. ಐದನೇಯವರು ಒಬ್ಬ ತಂಡೇಲರು, ಬೋಟು ನಡೆಸೋರು, ಅರವತ್ತು ದಾಟಿದವರು. ಫೋಟೊ ನೋಡಿ, "ಇದಾ? ಇದು ಬರ್ತದೆ. ವರ್ಷಕ್ಕೆ ಒಂದೋ ಎರಡೋ. ನಾವು ವಾಪಸ್ ನೀರಿಗೆ ಬಿಸಾಡ್ತೇವೆ" ಅಂದ್ರು.

ನನ್ನ ಥಂಬ್‌ನೇಲ್ ಅಲ್ಲೇ ಮುಳುಗಿತು.

"ಎಲ್ಲಿ ಬರ್ತದೆ ಸರ್?" ಅಂದೆ. "ಸರ್ ಎಲ್ಲ ಬೇಡ ಮಗಾ" ಅಂತ ಕೂರಿಸಿ ಹೇಳೋಕೆ ಶುರು ಮಾಡಿದ್ರು. ಆಳಸಮುದ್ರದ ಬೋಟು ಅಂದ್ರೆ ಹತ್ತು ದಿನ ಕಡಲಲ್ಲೇ. ಮಲ್ಪೆ ಬೋಟು ಮಲ್ಪೆ ಎದುರಿಗೇ ಹಿಡೀಬೇಕು ಅಂತ ಇಲ್ಲ, ಗೋವಾ ದಾಟಿ ಮಹಾರಾಷ್ಟ್ರದ ಕಡೆಗೂ ಹೋಗ್ತಾರೆ. ಅಂದ್ರೆ ಬಾಕ್ಸ್ ಮಲ್ಪೆಯದ್ದು ಅಂತ ಖಾತ್ರಿ ಆಗಿದ್ರೂ ಮೀನು ಕರ್ನಾಟಕದ್ದು ಅನ್ನೋ ಹಾಗಿರಲಿಲ್ಲ. ಅದಕ್ಕಿಂತ ಮಜಾ ಏನಂದ್ರೆ, ಟ್ರಾಲ್ ಬಲೆ ಒಂದು ಸಲ ಇಳಿಸಿದ್ರೆ ಎರಡು ಮೂರು ಗಂಟೆ ಎಳೀತಾರಂತೆ. ನಾನು ಲೆಕ್ಕದವಳಲ್ವಾ, ಅಲ್ಲೇ ಲೆಕ್ಕ ಹಾಕಿದೆ. ಬೋಟಿನ ವೇಗ ಮೂರು ನಾಟ್, ಅಂದ್ರೆ ಗಂಟೆಗೆ ಸುಮಾರು ಐದೂವರೆ ಕಿಲೋಮೀಟರ್ ಅಂತ ಹಿಡಿದ್ರೆ ಮೂರು ಗಂಟೆಗೆ ಹದಿನಾರೂವರೆ ಕಿಲೋಮೀಟರ್. ಮೀನು ಬಲೆಯೊಳಗೆ ಹೊಕ್ಕಿದ್ದು ಶುರುವಲ್ಲೋ ಕೊನೆಯಲ್ಲೋ ದೇವರಿಗೇ ಗೊತ್ತು. ಮ್ಯಾಪಲ್ಲಿ ನಾವು ಚುಕ್ಕೆ ಇಡ್ತೀವಿ, ನಿಜದಲ್ಲಿ ಅದು ತೀರ್ಥಹಳ್ಳಿ ಆಗುಂಬೆ ನಡುವಿನ ಅರ್ಧ ದಾರಿಯಷ್ಟು ಉದ್ದದ ಗೆರೆ.

ಆಳ ಕೇಳಿದ್ರೆ ಅವರು ಮೀಟರಲ್ಲಿ ಹೇಳಲ್ಲ, ಮಾರಿನಲ್ಲಿ ಹೇಳ್ತಾರೆ. ಮೂವತ್ತು ಮಾರು, ನಲವತ್ತು ಮಾರು. ಎರಡೂ ಕೈ ಚಾಚಿದಷ್ಟು, ಸುಮಾರು ಆರಡಿ. ನಮ್ಮಲ್ಲಿ ಹೂವು ಅಳೆಯೋದು ಅದರಲ್ಲೇ. ಕನಕಾಂಬರ ಅಳೆಯೋ ಅಳತೆಯಲ್ಲಿ ಅರಬ್ಬಿ ಸಮುದ್ರ ಅಳೀತಾರೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ತಂಡೇಲರು ಮಾತಿನ ಮಧ್ಯೆ ಒಂದು ರಾಶಿ ತೋರಿಸಿದ್ರು. ಕಡುನೀಲಿ ಮೈ, ಕೆಂಪು ಹಲ್ಲು. ಇಲ್ಲಿ ಕಾರ್ಗಿಲ್ ಮೀನು ಅಂತಾರೆ, ವೈಜ್ಞಾನಿಕ ಹೆಸರು ಓಡೋನಸ್ ನೈಜರ್. ಬಂಡೆ, ಹವಳ ಇರೋ ಕಡೆಯ ಮೀನು. "ನಾನು ಹುಡುಗ ಇರುವಾಗ ಇದು ಒಂದು ಸಿಕ್ಕಿದ್ರೆ ಎಲ್ಲರೂ ಬಂದು ನೋಡ್ತಿದ್ದರು. ಈಗ ನೋಡಿ, ಬಲೆ ತುಂಬ ಇದೇ. ಪುಡಿ ಮಾಡೋ ಫಿಶ್ ಮೀಲ್ ಫ್ಯಾಕ್ಟರಿಗೆ ಹೋಗ್ತದೆ." ಆ ಮೊದಲನೇ ಮೀನು ಯಾವ ವರ್ಷ ಅಂತ ಕೇಳಿದೆ. "ಬರೆದಿಟ್ಟವರು ಯಾರು?" ಅಂದ್ರು.

ಹಾಗಂತ ಯಾರೂ ಬರೆಯಲ್ಲ ಅಂತಲ್ಲ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 1947ರಿಂದ ಇದೆ, ಮಂಗಳೂರು ಕಾರವಾರದಲ್ಲೂ ಅದರ ಕೇಂದ್ರಗಳಿವೆ. ಬಂದರಿಗೆ ಬಂದ ಮೀನಿನ ಲೆಕ್ಕ ಅವರ ಹತ್ರ ಇರುತ್ತೆ. ನಾವು ತಿನ್ನೋ ಬೂತಾಯಿ ಮುಖ್ಯವಾಗಿ ನಮ್ಮ ಪಶ್ಚಿಮ ಕರಾವಳಿಯ ಮೀನು. 1980ರ ದಶಕದಿಂದೀಚೆಗೆ ತಮಿಳುನಾಡು, ಆಂಧ್ರದ ಕಡೆಯೂ ಹೇರಳವಾಗಿ ಸಿಗೋಕೆ ಶುರುವಾಯ್ತು ಅಂತ ಹೇಳೋಕೆ ಆಗಿದ್ದೇ ಆ ಲೆಕ್ಕದಿಂದ. ಅಮೆರಿಕದ ಕಡೆ ಹೋದ್ರೆ ಸಿಂಹಮೀನಿನ ಉದಾಹರಣೆ ಇದೆ. ಅದು ನಮ್ಮ ಕಡೆಯ ಸಮುದ್ರದ್ದು, ಅಟ್ಲಾಂಟಿಕ್‌ಗೆ ಪರಕೀಯ. 1985ರಲ್ಲಿ ಫ್ಲಾರಿಡಾ ಹತ್ರ ಮೊದಲು ದಾಖಲಾಯ್ತು, ಬಹುಶಃ ಯಾರದೋ ಅಕ್ವೇರಿಯಂನಿಂದ ಬಿಟ್ಟಿದ್ದು. ಈಗ ಕೆರಿಬಿಯನ್ ತುಂಬಾ ಅದೇ, ಅಲ್ಲಿನ ಸಣ್ಣ ಮೀನುಗಳನ್ನೆಲ್ಲ ನುಂಗ್ತಾ ಇದೆ. ಎಲ್ಲಿಂದ ಯಾವ ಕಡೆಗೆ ಹರಡಿತು ಅಂತ ವರ್ಷವರ್ಷವೂ ಗೆರೆ ಎಳೆಯೋಕೆ ಸಾಧ್ಯ ಆಗಿದ್ದು ಒಂದೊಂದು ಮೀನಿಗೂ ಜಾಗ, ತಾರೀಕು ಇದ್ದಿದ್ದಕ್ಕೆ.

ಮನೆಗೆ ಬಂದವಳು ಮಂಡಿಯ ಹಳೇ ಲೆಕ್ಕದ ಪುಸ್ತಕ ಒಂದು ಬಿಚ್ಚಿದೆ. ಲಾಟ್ ನಂಬರ್ ಇದ್ದ ಕಡೆ ಬೋಟು, ರೈತರ ಹೆಸರಿದ್ದ ಕಡೆ ಹಿಡಿದವರು ಅಥವಾ ಕಂಡವರು. ಆಮೇಲೆ ಯಾವ ಬಲೆ, ಎಷ್ಟು ಮಾರು, ಎಳೆದಿದ್ದು ಎಲ್ಲಿಂದ ಎಲ್ಲಿಗೆ. ಫೋಟೊಗೆ ಮೀನಿನ ತಲೆ ಎಡಕ್ಕೆ, ರೆಕ್ಕೆ ಬಿಡಿಸಿಟ್ಟು, ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ. ನಾಣ್ಯ ಯಾಕೆ ಅಂದ್ರೆ ಅದು 27 ಮಿಲಿಮೀಟರ್ ಅಗಲ, ಮೀನಿನ ಉದ್ದ ಆಮೇಲೂ ಅಳೀಬಹುದು. ಐಸಲ್ಲಿ ಬಣ್ಣ ಬೇಗ ಹೋಗುತ್ತೆ, ಹಾಗಾಗಿ ಕಂಡ ಕೂಡಲೇ ತೆಗೀಬೇಕು. ಕಡಲಕುದುರೆಯೋ ತಿಮಿಂಗಿಲ ಶಾರ್ಕೋ ಆದ್ರೆ ಮಾತ್ರ ಮನೆಗೆ ತರೋ ಮಾತೇ ಇಲ್ಲ. 2001ರಿಂದ ಅವಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ಪುಸ್ತಕದ ಮೊದಲನೇ ಸಾಲು ಕೊಂಬಿನ ಮೀನಿನದ್ದು. ತಾರೀಕು ಇದೆ, ಫೋಟೊ ಇದೆ. ಉಳಿದ ಮನೆಗಳಲ್ಲಿ ಅಡ್ಡಗೆರೆ. ಷರಾದಲ್ಲಿ 'ಅಣ್ಣನ ಬಾಕ್ಸು' ಅಂತ ಬರೆದಿದೀನಿ.

ಎರಡನೇ ಸಾಲು ಮೊನ್ನೆ ಬರೆದಿದ್ದು. ಬೆಳಿಗ್ಗೆ ಏಳಕ್ಕೆ ಪೋಂ ಪೋಂ. "ಅಕ್ಕಾ, ಬನ್ನಿ ಬನ್ನಿ, ವಿಚಾರಿಸಿಕೊಂಡೇ ತಂದಿದೀನಿ" ಅಂತ ಅಣ್ಣ ಶರ್ಟಿನ ಜೇಬಿಂದ ಚೀಟಿ ತೆಗೆದ್ರು. ಬೀಡಿ ಕಟ್ಟಿನ ಕಾಗದದ ಮೇಲೆ ಬೋಟಿನ ನಂಬರು, ನಲವತ್ತು ಮಾರು, ಗಂಗೊಳ್ಳಿ ನೇರಕ್ಕೆ ಶುರು, ಭಟ್ಕಳ ಬರೋ ಮೊದಲು ಬಲೆ ಎತ್ತಿದ್ದು, ಸೋಮವಾರ ರಾತ್ರಿ. ಪಿಕಪ್ ಡ್ರೈವರ್ ಹತ್ರ ಫೋನ್ ಮಾಡಿಸಿ ತಂಡೇಲರನ್ನೇ ಕೇಳಿಸಿದಾರೆ. ನಾನು ಕೈ ನಡುಗ್ತಾ ಐಸ್ ಸರಿಸಿದೆ.

ಕಾರ್ಗಿಲ್ ಮೀನು.

ಅಣ್ಣನ ಮುಖ ನೋಡಿ ನನಗೆ ಹೇಳೋಕೆ ಬಾಯಿ ಬರಲಿಲ್ಲ. ಎಲ್ಲಾ ಮನೆ ತುಂಬಿಸಿ ನೀಟಾಗಿ ಬರೆದೆ. ಅಷ್ಟರಲ್ಲಿ ಅಮ್ಮ ಕತ್ತಿ ಹಿಡ್ಕೊಂಡು ಬಂದು, "ಇದನ್ನಾದ್ರೂ ತಿನ್ನೋಕೆ ಬರುತ್ತಾ?" ಅಂದ್ರು. "ಚರ್ಮ ದಪ್ಪ ಅಮ್ಮ, ಸುಲಿದು ಮಾಡಿ" ಅಂದ್ರು ಅಣ್ಣ. ತಡಿ ಅಮ್ಮ, ಒಂದು ನಿಮಿಷ ತಡಿ, ಹತ್ತು ರೂಪಾಯಿ ನಾಣ್ಯ ಇಲ್ಲೇ ಇಟ್ಟಿದ್ದೆ.