ಕೂಲರ್ ಬಿಚ್ಚುವ ಮುಂಚೆ

ಕೇಳುಗರಿಗೆ ನಮಸ್ಕಾರ. ಯುಗಾದಿ ಹತ್ತಿರ ಬಂತು ಅಂದರೆ ನಮ್ಮ ರಾಯಚೂರಿನ ಮನೆಮನೆಯಲ್ಲಿ ಅಟ್ಟದ ಮೇಲಿನ ಕೂಲರ್ ಕೆಳಗಿಳಿಯುತ್ತದೆ. ಬಿಸಿಲು 40 ಡಿಗ್ರಿ ದಾಟುವ ಊರು, ಅದಿಲ್ಲದೆ ನಿದ್ದೆ ಬರುವುದಿಲ್ಲ. ಹುಲ್ಲು ಬದಲಾಯಿಸುತ್ತೇವೆ, ಪಂಪ್ ತೊಳೆಯುತ್ತೇವೆ. ವೈರ್ ಕಡೆ ಮಾತ್ರ ಕಣ್ಣು ಹೋಗುವುದಿಲ್ಲ.

ತಗಡಿನ ಮೈ, ತುಂಬಿದ ನೀರು, ಒದ್ದೆ ನೆಲ, ಬರಿಗಾಲು. ಕರೆಂಟ್ ಹೊಡೆಯಲು ಇಷ್ಟು ಸಾಕು.

ತಗಡಿನ ತೂತಿನಿಂದ ವೈರ್ ಒಳಗೆ ಹೋಗುವ ಜಾಗ ನೋಡಿ. ಅಲ್ಲಿನ ರಬ್ಬರ್ ಬುಷ್ ಬಿದ್ದುಹೋಗಿದ್ದರೆ ತಗಡಿನ ಅಂಚು ವೈರನ್ನು ಕೊರೆಯುತ್ತಾ ಇರುತ್ತದೆ. ಮೋಟರ್ ಅದುರಿದಷ್ಟೂ ಕೊರೆತ ಜಾಸ್ತಿ. ಸುಮ್ನೆ ಟೇಪ್ ಸುತ್ತಿ ಬಿಡಬೇಡಿ, ನೀರಿನ ಪಸೆಗೆ ಅದು ಸಡಿಲಾಗುತ್ತದೆ. ಇಡೀ ಕೇಬಲ್ಲೇ ಬದಲಾಯಿಸಿ.

ಹಾಕುವುದಾದರೆ ಮೂರು ಎಳೆಯದ್ದೇ ಹಾಕಿ. ಕರೆಂಟ್ ತರುವ ಎಳೆ ಫೇಸ್, ವಾಪಸ್ ಒಯ್ಯುವುದು ನ್ಯೂಟ್ರಲ್, ಸೋರಿದ್ದನ್ನು ನೆಲಕ್ಕೆ ಇಳಿಸುವುದು ಅರ್ಥ್. ಹಳೇದರಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಹೊಸದರಲ್ಲಿ ಕಂದು, ನೀಲಿ, ಹಸಿರು-ಹಳದಿ. ಈ ಹಸಿರು ವೈರನ್ನು ಕೂಲರಿನ ಮೈಗೇ, ಬಣ್ಣ ಕೆರೆದು, ಸ್ಕ್ರೂ ಹಾಕಿ ಬಿಗಿಯಬೇಕು. ಎಷ್ಟೋ ಮನೆಗಳಲ್ಲಿ ಅದನ್ನು ಕತ್ತರಿಸಿ ಎರಡು ಪಿನ್ನಿನ ಪ್ಲಗ್ ಹಾಕಿರುತ್ತಾರೆ. ಫ್ಯಾನ್ ತಿರುಗುತ್ತದೆ, ಎಲ್ಲಾ ಸರಿ ಇದೆ ಅನ್ನಿಸುತ್ತದೆ. ಒಳಗಿನ ಫೇಸ್ ತಗಡಿಗೆ ತಾಗಿದ ದಿನ ಕರೆಂಟಿಗೆ ನೆಲ ಸೇರಲು ಬೇರೆ ದಾರಿ ಇರುವುದಿಲ್ಲ. ಕೂಲರ್ ಮುಟ್ಟಿದ ಮಗುವಿನ ಮೈಯೇ ದಾರಿ. ತ್ರೀ ಪಿನ್ ಪ್ಲಗ್ಗಿನಲ್ಲಿ ಅರ್ಥ್ ಪಿನ್ ಉದ್ದ ಇರುವುದೂ ಇದಕ್ಕೇ. ಚುಚ್ಚುವಾಗ ಅದು ಮೊದಲು ಕೂಡಬೇಕು, ಕೀಳುವಾಗ ಕೊನೆಗೆ ಬಿಡಬೇಕು.

ಹಸಿರು ವೈರ್ ಹೋಗಿ ಸೇರುವುದು ಅಂಗಳದ ಅರ್ಥಿಂಗ್ ಗುಂಡಿಗೆ. ನಮ್ಮ ಎರೆಮಣ್ಣು ಬೇಸಿಗೆಗೆ ಬಾಯಿ ಬಿಡುತ್ತದೆ, ಅಲ್ವಾ? ಒಣಗಿದ ಮಣ್ಣಿನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಇದ್ದಲು, ಉಪ್ಪು ಹಾಕಿದ ಗುಂಡಿಗೂ ತೇವ ಬೇಕು. ಆಗಾಗ ಒಂದೆರಡು ಕೊಡ ನೀರು ಹಾಕಿ.

ಇನ್ನು ಕೂಲರ್ ಬಿಚ್ಚುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೇ ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್‌ಗೆ ಕೊಟ್ಟಿರಬಹುದು. ಆಗ ಮೋಟರ್ ನಿಂತರೂ ಒಳಗೆ 230 ವೋಲ್ಟ್ ಇದ್ದೇ ಇರುತ್ತದೆ. ಪ್ಲಗ್ ಕಿತ್ತು ಕಣ್ಣೆದುರಿಗೇ ಇಟ್ಟುಕೊಳ್ಳಿ. ಆಮೇಲೂ ಮೋಟರಿಗೆ ಜೋಡಿಸಿರುವ ಚಿಕ್ಕ ಡಬ್ಬಿ, ಅಂದರೆ ಕೆಪಾಸಿಟರ್ ಮುಟ್ಟಬೇಡಿ, ಅದರಲ್ಲಿ ಚಾರ್ಜ್ ಉಳಿದಿರಬಹುದು. ನೀರು ತುಂಬುವಾಗಲೂ ಪ್ಲಗ್ ಕೀಳಲೇಬೇಕು.

ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದಾಗ ತಾನಾಗೇ ಬೀಳುವ ಸ್ವಿಚ್, ಇದೆ ಅಂತ ಧೈರ್ಯ ಬೇಡ. ಅದು ಕಾಯುವುದು ವೈರನ್ನು. ಮನುಷ್ಯರ ಜೀವಕ್ಕೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಅನ್ನುವ ಇನ್ನೊಂದು ಸ್ವಿಚ್ ಬೇಕು. ಕರೆಂಟ್ ಎಲ್ಲೋ ಸೋರಿದ ಕೂಡಲೇ ಅದು ಸಪ್ಲೈ ಕಡಿಯುತ್ತದೆ. ಅದರ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ. ಟಕ್ ಅಂತ ಬೀಳದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಬದಲಾಯಿಸಿ, ಆಮೇಲೆ ಕೂಲರ್ ಹಚ್ಚಿ.