ಝಿಲ್ಜಿಯನ್ ಮನೆತನವನ್ನು ಉಳಿಸಿದ್ದು ಗುಟ್ಟಲ್ಲ

ನಮಸ್ಕಾರ. ಡ್ರಮ್ ಸೆಟ್ಟಿನ ತಟ್ಟೆಯಾಕಾರದ ಕಂಚಿನ ಸಿಂಬಲ್‌ಗಳನ್ನು ಹತ್ತಿರದಿಂದ ನೋಡಿದವರಿಗೆ ಝಿಲ್ಜಿಯನ್ ಎಂಬ ಹೆಸರು ಹೊಸದಲ್ಲ. 1623ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅವೆಡಿಸ್ ಎಂಬ ಅರ್ಮೇನಿಯನ್ ಲೋಹಕಾರ ಹಾಕಿದ ಕುಲುಮೆಯ ಉದ್ಯಮ ಇಂದಿಗೂ ಅದೇ ಕುಟುಂಬದ ಕೈಯಲ್ಲಿದೆ. ಮಿಶ್ರಲೋಹ ಕರಗಿಸುವ ಗುಟ್ಟನ್ನು ಹಿರಿಯ ಗಂಡು ವಾರಸುದಾರನಿಗೆ ಮಾತ್ರ ಹೇಳಿಕೊಡುತ್ತಿದ್ದುದರಿಂದಲೇ ಮನೆತನ ಉಳಿಯಿತು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ.

ಶೇಕಡಾ 80 ತಾಮ್ರ, 20 ತವರ ಎಂಬ ಪ್ರಮಾಣ ಇಂದು ಈ ಕಸುಬಿನವರಿಗೆಲ್ಲ ಗೊತ್ತು. ಇಷ್ಟು ತವರ ಬೆರೆತ ಕಂಚು ಸೊಗಸಾಗಿ ನಾದ ಕೊಡುತ್ತದೆಯಾದರೂ ಬಹಳ ಪೆಡಸು. ತಣ್ಣಗಿರುವಾಗ ಒತ್ತಿ ತೆಳುವಾಗಿಸಲು ಹೋದರೆ ಬಿರುಕು ಬಿಡುತ್ತದೆ. ಹಾಗಾಗಿ ಎರಕದ ಬಿಲ್ಲೆಯನ್ನು ಮತ್ತೆ ಮತ್ತೆ ಕಾಯಿಸಿ, ರೋಲರುಗಳ ನಡುವೆ ಹಾಯಿಸಿ, ನೀರಿನಲ್ಲಿ ಅದ್ದಿ ಹದಗೊಳಿಸಿ, ಸುತ್ತಿಗೆಯಿಂದ ತಟ್ಟಿ, ಕೊನೆಗೆ ಲೇತ್‌ನಲ್ಲಿ ಹೆರೆಯಬೇಕಾಗುತ್ತದೆ. ಇದು ಕೈಗೂ ಕಿವಿಗೂ ಒಗ್ಗಬೇಕಾದ ವಿದ್ಯೆ.

ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ನಿರ್ಣಾಯಕ ವ್ಯಕ್ತಿ ಮೂರನೆಯ ಅವೆಡಿಸ್. ಅಮೆರಿಕಕ್ಕೆ ವಲಸೆ ಹೋಗಿ ಬಾಸ್ಟನ್ ಕಡೆ ಮಿಠಾಯಿ ತಯಾರಿಕೆಯಲ್ಲಿ ನೆಲೆ ಕಂಡುಕೊಂಡಿದ್ದ ಅವರಿಗೆ, ಮನೆತನದ ಕಸುಬನ್ನು ವಹಿಸಿಕೊಳ್ಳುವಂತೆ ಚಿಕ್ಕಪ್ಪ ಅರಾಮ್‌ರಿಂದ 1927ರಲ್ಲಿ ಪತ್ರ ಬಂತು. 1929ರಲ್ಲಿ, ಶೇರುಪೇಟೆ ಕುಸಿದ ಅದೇ ವರ್ಷ, ಮ್ಯಾಸಚೂಸೆಟ್ಸ್‌ನ ಕ್ವಿನ್ಸಿಯಲ್ಲಿ ಅವರು ಕಾರ್ಖಾನೆ ತೆರೆದರು. ಸೈನ್ಯದ ವಾದ್ಯಮೇಳಕ್ಕೆ ಹೊಂದುವ ದಪ್ಪ ಸಿಂಬಲ್ ಜಾಝ್ ವಾದಕರ ಚುರುಕು ಲಯಕ್ಕೆ ಒದಗುತ್ತಿರಲಿಲ್ಲ. ಜೀನ್ ಕ್ರೂಪಾರಂತಹ ಡ್ರಮ್ಮರುಗಳು ತೆಳುವಾದುದನ್ನು ಕೇಳಿದಾಗ, ಪರಂಪರೆಯ ನೆಪ ಹೇಳದೆ ಮಾಡಿಕೊಟ್ಟದ್ದೇ ಅವೆಡಿಸರ ದೊಡ್ಡತನ. ಮೂರು ಶತಮಾನದ ಹೆಸರಿದ್ದವರು ವಾದಕನ ಮಾತಿಗೆ ಹೀಗೆ ಕಿವಿಗೊಟ್ಟದ್ದನ್ನು ನಾನು ಮನಸಾರೆ ಗೌರವಿಸುತ್ತೇನೆ.

ಗುಟ್ಟೇ ಆಧಾರವಾಗಿದ್ದರೆ ಮುಂದಿನ ಒಡಕು ಕಂಪನಿಯನ್ನು ಮುಳುಗಿಸಬೇಕಿತ್ತು. 1979ರಲ್ಲಿ ಅವೆಡಿಸ್ ತೀರಿಕೊಂಡ ಮೇಲೆ ಮಕ್ಕಳಾದ ಅರ್ಮಂಡ್ ಮತ್ತು ರಾಬರ್ಟ್ ನಡುವೆ ವ್ಯಾಜ್ಯ ಬೆಳೆದು, ರಾಬರ್ಟ್ 1981ರಲ್ಲಿ ಕೆನಡಾದಲ್ಲಿ ಸೇಬಿಯನ್ ಎಂಬ ಪ್ರತಿಸ್ಪರ್ಧಿ ಕಂಪನಿಯನ್ನೇ ಕಟ್ಟಿದರು. ಮನೆತನದ ವಿದ್ಯೆ ಎರಡು ಕಾರ್ಖಾನೆಗಳಿಗೆ ಹಂಚಿಹೋಯಿತು, ಎರಡೂ ಬದುಕಿದವು.

ನನಗೆ ಬೇಸರ ತರಿಸುವುದು ಹೆಣ್ಣುಮಕ್ಕಳನ್ನು ಅಷ್ಟು ಕಾಲ ಹೊರಗಿಟ್ಟ ಕಟ್ಟಳೆ. ಅರ್ಮಂಡರು ತಮ್ಮ ಪುತ್ರಿಯರಾದ ಕ್ರೇಗಿ ಮತ್ತು ಡೆಬ್ಬಿಗೆ ಆ ವಿದ್ಯೆಯನ್ನು ಕಲಿಸಿ ಕಟ್ಟಳೆಯನ್ನು ಮುರಿದರು. 1999ರಲ್ಲಿ ಕ್ರೇಗಿ ಕಂಪನಿಯ ಮುಖ್ಯಸ್ಥೆಯಾದರು. ಅದಕ್ಕೂ ಮುಂಚಿನ ತಲೆಮಾರುಗಳಲ್ಲಿ ಎಷ್ಟು ಸಮರ್ಥ ಹೆಣ್ಣುಮಕ್ಕಳು ಕುಲುಮೆಯ ಬಾಗಿಲಾಚೆಯೇ ಉಳಿದರೋ, ಆ ನಷ್ಟವನ್ನು ಕಂಪನಿಯ ಚರಿತ್ರೆ ಬರೆಯುವವರು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.